ಕೂದಲು ನಮ್ಮದು, ಕಿವಿ ಅವರದು

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಣ್ಣನ ಮಗನಿಗೆ ಹೆಸರಿಟ್ಟ ದಿನ ಹರಿಹರದಲ್ಲಿ ಅತ್ತಿಗೆಯ ತವರುಮನೆಯ ಬಾಗಿಲಿಗೆ ಮಾವಿನ ತೋರಣವಿತ್ತು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಮಾವಿನ ತೋರಣ ಎಲ್ಲರ ಮನೆಯ ಎಲ್ಲ ಸಮಾರಂಭದಲ್ಲೂ ಇರುತ್ತದೆ. ಅದು ನಿಜವಾದ ನೆನಪೋ, ನೆನಪಿನ ಖಾಲಿ ಜಾಗಕ್ಕೆ ನಾನೇ ಆಮೇಲೆ ಕಟ್ಟಿದ ತೋರಣವೋ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸ ಆಗಲೂ ಇತ್ತು, ಅದರಿಂದೇನೂ ಪ್ರಯೋಜನವಾಗಿಲ್ಲ. ಆ ದಿನ ನಾನು ಬರೆದದ್ದು ಬಸ್ಸು ತಡವಾಯಿತು, ಊಟ ಚೆನ್ನಾಗಿತ್ತು ಎಂದಷ್ಟೇ. ಊಟದ ಬಗ್ಗೆ ಬರೆದವಳು ಮಗುವಿನ ಬಗ್ಗೆ ಯಾಕೆ ಬರೆಯಲಿಲ್ಲವೋ! ಒಂದನ್ನು ಮಾತ್ರ ಅನುಮಾನವಿಲ್ಲದೆ ಹೇಳಬಲ್ಲೆ. ನಮ್ಮ ಮನೆಯವರ ಮೇಲೆ ಆ ವರ್ಷಗಳಲ್ಲಿ ನನಗೆ ಹುಟ್ಟಿದ ತಿರಸ್ಕಾರ ಈಗಲೂ ಇದ್ದಲ್ಲೇ ಇದೆ. ಉಳಿದದ್ದೆಲ್ಲ ಮಾಸಿದೆ, ಅದು ಮಾಸಿಲ್ಲ.

ದಾವಣಗೆರೆಯ ಮಂಡಿಪೇಟೆಯಲ್ಲಿ ಅಪ್ಪನದು ಜೋಳ ಮತ್ತು ಶೇಂಗಾದ ಮಂಡಿ. ಕೆಳಗೆ ಅಂಗಡಿ, ಮೇಲೆ ನಮ್ಮ ಮನೆ. ಅಪ್ಪನ ತಲೆಯ ಮುಂಭಾಗದಲ್ಲಿ, ಹಣೆಗೆ ಸರಿಯಾಗಿ ನಡುವೆ, ಹುಟ್ಟಿನಿಂದಲೇ ಒಂದು ಬೆಳ್ಳಗಿನ ಜುಟ್ಟಿತ್ತು. ಉಳಿದ ತಲೆಯೆಲ್ಲ ಕಡುಗಪ್ಪು. ಅದಕ್ಕೆ ಅಪ್ಪ ಇಟ್ಟ ಹೆಸರು ವಿಭೂತಿ ಕೂದಲು. ಯಾವುದೋ ಕಾಲದಲ್ಲಿ ಗುರುಗಳೊಬ್ಬರು ನಮ್ಮ ಹಿರಿಯರ ತಲೆಯ ಮೇಲೆ ವಿಭೂತಿ ಹಚ್ಚಿದ ಕೈ ಇಟ್ಟರಂತೆ, ಬೆರಳು ತಗುಲಿದಷ್ಟು ಕೂದಲು ಬೆಳ್ಳಗಾಯಿತಂತೆ, ಅಂದಿನಿಂದ ತಲೆಮಾರಿಗೊಬ್ಬರಿಗೆ ಆ ಗುರುತು ಬರುತ್ತದಂತೆ. ಆ ಹಿರಿಯರು ಮಾಡಿದ ಪುಣ್ಯ ಯಾವುದು ಎನ್ನುವುದು ಮಾತ್ರ ಕೇಳುವವರನ್ನು ನೋಡಿ ಬದಲಾಗುತ್ತಿತ್ತು. ಪಕ್ಕದ ಹಳ್ಳಿ ಬಾತಿಯ ರೈತರು ಬಂದಾಗ ಅವರು ಬರಗಾಲದಲ್ಲಿ ಕಣಜ ತೆರೆದಿಟ್ಟ ದಾನಿ, ಬೀಗರು ಬಂದಾಗ ಉಪವಾಸ ಮಾಡಿದ ಶಿವಭಕ್ತ. ಮಂಡಿಪೇಟೆಯಲ್ಲಿ ಟೋಪಿಯೋ ರುಮಾಲೋ ಇಲ್ಲದ ಸಾಹುಕಾರರೇ ಇರಲಿಲ್ಲ. ಅಪ್ಪ ಒಬ್ಬರೇ ಬರಿದಲೆಯಲ್ಲಿ ಗದ್ದಿಗೆಯ ಮೇಲೆ ಕೂರುತ್ತಿದ್ದರು.

"ನೋಡ್ರಿ, ಗುರು ಬೆರಳಿಟ್ಟ ಜಾಗ. ಬಣ್ಣ ಅಲ್ಲ, ಬೇಕಾದ್ರೆ ತಿಕ್ಕಿ ನೋಡ್ರಿ," ಎಂದು ತಲೆ ಬಗ್ಗಿಸಿ ತೋರಿಸುತ್ತಿದ್ದರು. ಮೂಟೆ ಹೊರಿಸಿಕೊಂಡು ಹೋಗಲು ಬರುತ್ತಿದ್ದ ಜಟಕಾ ಸಾಬರೊಬ್ಬರು ಒಮ್ಮೆ ಬಹಳ ಹೊತ್ತು ನೋಡಿ, "ನಮ್ಮ ಕುದ್ರಿಗೂ ಹಣೆ ಮ್ಯಾಲೆ ಹಿಂಗೇ ಐತ್ರಿ ಸಾವ್ಕಾರ್ರೆ. ಅದರ ಮುತ್ತಜ್ಜನೂ ಭಾಳ ದೊಡ್ಡ ಮನ್ಷ ಇದ್ದಿರಬೇಕು," ಅಂದರು. ಹಮಾಲರು ನಕ್ಕರು. ಅಪ್ಪನಿಗೆ ಅದು ತಮಾಷೆ ಎಂದು ತಿಳಿಯಲಿಲ್ಲ. "ಕುದುರಿಗೂ ಪುಣ್ಯ ಬೇಕು ಮಾರಾಯ" ಎಂದು ಗಂಭೀರವಾಗಿ ಒಪ್ಪಿಕೊಂಡರು.

ಈಗ ಅಕ್ಕನ ವಿಷಯ. ನನಗಿಂತ ಆರೇಳು ವರ್ಷ ದೊಡ್ಡವಳು. ಅವಳ ಕೂದಲು ಬೇರಿನಿಂದ ತುದಿಯವರೆಗೆ ಕಪ್ಪು, ಸೊಂಟದವರೆಗೆ ಜಡೆ. ಆದರೆ ಎರಡು ಕಣ್ಣುಗಳೂ ತಿಳಿನೀಲಿ, ತೊಳೆದ ಗಾಜಿನಂತೆ. ಮತ್ತೆ ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ, ಹಾಗಾಗಿ ಮಾತೂ ಇಲ್ಲ. ಅವಳನ್ನು ಕರೆಯಬೇಕಾದರೆ ಮಹಡಿಯ ಹಲಗೆ ನೆಲವನ್ನು ಹಿಮ್ಮಡಿಯಿಂದ ಜೋರಾಗಿ ತುಳಿಯುತ್ತಿದ್ದೆವು. ಅದು ಅವಳ ಅಂಗಾಲಿಗೆ ಮುಟ್ಟುತ್ತಿತ್ತು, ತಿರುಗಿ ನೋಡುತ್ತಿದ್ದಳು. ಅವಳ ಬಗ್ಗೆ ಮಾತಾಡಬೇಕಾದರೆ 'ಮೂಗಿ' ಅನ್ನುತ್ತಿದ್ದರು. "ಮೂಗಿ ಉಂಡ್ಲಾ?" "ಮೂಗಿಗೆ ಸೀರಿ ತಂದೀರಾ?" ಹೊರಗಿನವರಲ್ಲ, ಅಪ್ಪ, ಅವ್ವ, ಅಣ್ಣ. ನಾನೂ ಅಂದಿದ್ದೇನೆ, 'ಅಕ್ಕ' ಅಂದದ್ದಕ್ಕಿಂತ ಹೆಚ್ಚು ಸಲವೋ ಕಡಿಮೆ ಸಲವೋ ತಿಳಿಯದು.

ಅಪ್ಪನ ಬಿಳಿ ಕೂದಲು ಗುರುವಿನಿಂದ ಬಂತು ಸರಿ, ಅಕ್ಕನ ಕಿವುಡು ಎಲ್ಲಿಂದ ಬಂತು? ಅದು ಅವ್ವನಿಂದ ಬಂದದ್ದು. ಅವ್ವ ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದಳಂತೆ. ಅದೂ ಸಾಲದೆ ಅವ್ವನ ತವರು ಕೊಕ್ಕನೂರಿನ ಬಾವಿಯ ನೀರೇ ಸರಿಯಿಲ್ಲವಂತೆ. ಆ ನೀರು ಕುಡಿದು ಊರಿಗೆ ಊರೇ ಬೆಳೆದಿದ್ದರೂ ಅಲ್ಲಿ ಒಬ್ಬರೂ ಕಿವುಡರಿರಲಿಲ್ಲ, ಆದರೆ ಅಂಥ ಸಣ್ಣ ಸಂಗತಿಗಳು ಅಪ್ಪನ ವಿಚಾರಕ್ಕೆ ಅಡ್ಡ ಬರುತ್ತಿರಲಿಲ್ಲ. ಅವ್ವ ಎದುರು ಮಾತಾಡಿದ್ದನ್ನು ನಾನು ಕೇಳಿಲ್ಲ. ಗ್ರಹಣದ ದಿನ ಬಂದರೆ ಬಾಗಿಲು ಕಿಟಕಿಗಳ ಸಂದಿಗೆಲ್ಲ ಬಟ್ಟೆ ತುರುಕಿ ಕತ್ತಲಲ್ಲಿ ಕೂರುತ್ತಿದ್ದಳು, ಅಪರಾಧ ತನ್ನದೇ ಎಂದು ಒಪ್ಪಿಕೊಂಡವಳ ಹಾಗೆ.

ನನಗೆ ಬಂದದ್ದು ಅರ್ಧಂಬರ್ಧ. ನನ್ನ ಬಲಗಣ್ಣು ಕಂದು, ಎಡಗಣ್ಣಿನ ಅರ್ಧ ಮಾತ್ರ ನೀಲಿ. ಹೆಣ್ಣು ನೋಡಲು ಬಂದವರ ಮುಂದೆ ನನ್ನನ್ನು ಎಡಗಡೆ ಗೋಡೆಗೆ ಬರುವಂತೆ ಕೂರಿಸುತ್ತಿದ್ದರು. ಒಮ್ಮೆ ಬಂದ ಗಂಡಿನ ಚಿಕ್ಕಮ್ಮ ತಾಂಬೂಲ ತೆಗೆದುಕೊಳ್ಳುವ ನೆಪದಲ್ಲಿ ಎದ್ದು ಈಚೆ ಕಡೆ ಬಂದು ಬಗ್ಗಿ ನೋಡಿ, "ಈ ಹುಡುಗಿ ಎರಡು ಕಣ್ಣು ಒಂದೇ ತಾಯಿ ಮಕ್ಕಳಲ್ಲ ಬಿಡ್ರಿ," ಅಂದಳು. ನನಗೆ ನಗು ಬಂತು. ಆಕೆ ಅಪ್ಪನಿಗಿಂತ ಚೆನ್ನಾಗಿ ಮಾತಾಡುತ್ತಾಳೆ ಎನ್ನಿಸಿತು. ಆಮೇಲೆ ನನ್ನನ್ನು ಓದಲು ಮೈಸೂರಿಗೆ ಕಳಿಸಿದರು. ಇದನ್ನು ಅಪ್ಪನ ಔದಾರ್ಯ ಎಂದು ನೆಂಟರು ಈಗಲೂ ಹೊಗಳುತ್ತಾರೆ. ಮದುವೆಯಾಗದ ಸಾಮಾನನ್ನು ಕಣ್ಣ ಮುಂದಿನಿಂದ ಸರಿಸಿ ಇಡುವ ಉಪಾಯ ಅದು.

ಮೈಸೂರಿನ ಹಾಸ್ಟೆಲಿನಲ್ಲಿ ಗೊತ್ತಾದ ಇನ್ನೊಂದು ಸಂಗತಿ: ನನ್ನ ಎಡಗಿವಿ ಕೇಳಿಸುವುದಿಲ್ಲ. ಟೆಲಿಫೋನನ್ನು ಆ ಕಿವಿಗೆ ಹಿಡಿದಾಗ ಏನೂ ಬರಲಿಲ್ಲ, ಲೈನು ಕೆಟ್ಟಿದೆ ಎಂದು ವಾರ್ಡನ್ನಿಗೆ ಹೇಳಿದೆ. ಅವರು ಅದನ್ನೇ ತೆಗೆದುಕೊಂಡು ಸರಾಗವಾಗಿ ಮಾತಾಡಿದರು. ಇಪ್ಪತ್ತು ವರ್ಷ ಹೇಗೆ ತಿಳಿಯದೇ ಹೋಯಿತು? ಅಥವಾ ತಿಳಿದಿತ್ತೇ? ಮನೆಯಲ್ಲಿ ಊಟಕ್ಕೆ ನಾನು ಯಾವಾಗಲೂ ಸಾಲಿನ ಎಡತುದಿಯಲ್ಲೇ ಕೂರುತ್ತಿದ್ದೆ, ಎಲ್ಲರೂ ಬಲಕ್ಕೆ ಬರುವಂತೆ. ಅದು ನನ್ನ ಜಾಗ ಎಂದಷ್ಟೇ ಅಂದುಕೊಂಡಿದ್ದೆ. ಹೀಗಾಗಿ ಆ ಮನೆಯ ಮಾತುಗಳನ್ನು ನಾನು ಒಂದೇ ಕಡೆಯಿಂದ ಕೇಳಿದವಳು ಎನ್ನುವುದನ್ನು ಓದುವವರು ನೆನಪಿಡಬೇಕು.

ಅಣ್ಣನಿಗೆ ಏನೂ ಬಂದಿರಲಿಲ್ಲ. ಕಪ್ಪು ಕೂದಲು, ಕಂದು ಕಣ್ಣು, ಚುರುಕು ಕಿವಿ. ಎರಡು ಹುಬ್ಬುಗಳು ಮೂಗಿನ ಮೇಲೆ ಸೇರಿಕೊಂಡಿದ್ದವು, ಅಷ್ಟೇ. ಕೂಡುಹುಬ್ಬು ಗಂಡಸಿಗೆ ಲಕ್ಷಣ ಎಂದು ಎಲ್ಲರೂ ಹೇಳುತ್ತಿದ್ದರು. ಅಪ್ಪನಿಗೆ ಮಾತ್ರ ಒಳಗೊಳಗೇ ಬೇಸರ. ಮಂಡಿಯಲ್ಲಿ ತನ್ನ ನಂತರ ಕೂರುವವನ ತಲೆಯ ಮೇಲೆ ಗುರುವಿನ ಬೆರಳು ಮೂಡಿರಲಿಲ್ಲ.

ಕಾಲೇಜಿನಲ್ಲಿ ಬಟಾಣಿ ಗಿಡಗಳ ಪಾಠ ಮಾಡಿದರು. ಎತ್ತರದ ಗಿಡ, ಗಿಡ್ಡ ಗಿಡ, ಗುಣ ಹೇಗೆ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಇಳಿಯುತ್ತದೆ ಎಂಬ ಪಾಠ. ಬೆಂಚಿನ ಮೇಲೆ ಕೂತೇ ನನಗೆ ನಮ್ಮ ಮನೆಯ ಊಟದ ಸಾಲು ಕಾಣಿಸಿತು. ಅಪ್ಪನ ಕೂದಲು, ಅಕ್ಕನ ಕಣ್ಣು ಮತ್ತು ಕಿವಿ, ನನ್ನ ಅರ್ಧ ಕಣ್ಣು, ಒಂದು ಕಿವಿ. ಇವು ಬೇರೆ ಬೇರೆ ಅಲ್ಲ, ಒಂದೇ ವಸ್ತು ಒಬ್ಬೊಬ್ಬರಲ್ಲಿ ಒಂದೊಂದು ಜಾಗದಲ್ಲಿ ಎದ್ದು ಬಂದಿದೆ ಎನ್ನಿಸಿತು. ಬಟಾಣಿಯ ಪಾಠ ಇಷ್ಟೆಲ್ಲ ಹೇಳುತ್ತಿರಲಿಲ್ಲ, ಊಹೆ ನನ್ನದು. ರಜೆಗೆ ಬಂದಾಗ ಅಪ್ಪನಿಗೆ ಹೇಳಿದೆ.

"ಅಂದ್ರೆ ನನ್ನ ವಿಭೂತಿ ಕೂದ್ಲು, ಆ ಮೂಗಿ ಕಿವಿ ಎರಡೂ ಒಂದೇ ಅಂತೀಯ?"

"ಹೌದಪ್ಪ, ಒಂದೇ ಕಡೆಯಿಂದ ಬಂದಿದ್ದು."

"ನಾವೇನು ಬಟಾಣೀನಾ?" ಅಂದರು. ಅಷ್ಟಕ್ಕೇ ಮುಗಿಯಿತು. ಆ ರಜೆಯುದ್ದಕ್ಕೂ ನನ್ನನ್ನು ಕಂಡಾಗಲೆಲ್ಲ ಅಣ್ಣ "ಬಂದ್ಲು ನೋಡ್ರಿ ಬಟಾಣಿ ಪಂಡಿತೆ" ಅನ್ನುತ್ತಿದ್ದ. ಪರದೇಶದ ಯಾವುದೋ ತೋಟದ ಗಿಡಕ್ಕೂ ನಮಗೂ ಏನು ಸಂಬಂಧ ಎಂಬುದು ಅವನಿಗೆ ಬಹಳ ದೊಡ್ಡ ಹಾಸ್ಯ.

ಅಣ್ಣನಿಗೆ ಹರಿಹರದಿಂದ ಹೆಣ್ಣು ತಂದರು. ನದಿಗೆ ಹತ್ತಿರದ ಬೀದಿಯಲ್ಲಿ ಅತ್ತಿಗೆಯ ತವರು. ಚೊಚ್ಚಲ ಹೆರಿಗೆ ಅಲ್ಲಿಯೇ ಆಯಿತು. ಗಂಡು ಮಗು, ಹಣೆಯ ಮೇಲೆ ಬೆಳ್ಳಗಿನ ಜುಟ್ಟು. ಸುದ್ದಿ ಬಂದ ದಿನ ಅಪ್ಪ ಮಂಡಿಯಲ್ಲಿ ಎಲ್ಲರಿಗೂ ಪೇಡೆ ಹಂಚಿಸಿದರು.

ಹೆಸರಿಡುವ ದಿನ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಕೂಗಬೇಕು, ಕೂಗುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಇದು ನಮ್ಮ ಕಡೆಯ ಪದ್ಧತಿ. ಗುದ್ದಿಸಿಕೊಳ್ಳುವ ಹಕ್ಕು ದೊಡ್ಡವಳಾದ ಅಕ್ಕನದು. ಅವಳಿಗೆ ಅದು ಗೊತ್ತಿತ್ತು, ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಅವಳನ್ನು ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸಲು ಕೂರಿಸಿ, ತೊಟ್ಟಿಲ ಹತ್ತಿರ ನನ್ನನ್ನು ತಂದು ನಿಲ್ಲಿಸಿದರು. "ಮೂಗಿ ಏನು ಕೂಗ್ತಾಳೆ?" ಎಂದು ಅವ್ವನೇ ಅಂದಳು. ಮಾತಿನಲ್ಲಿ ತಪ್ಪಿರಲಿಲ್ಲ. ಅಂಥ ತಪ್ಪಿಲ್ಲದ ಮಾತುಗಳಿಂದಲೇ ಆ ಮನೆ ನಡೆಯುತ್ತಿತ್ತು.

ನಾನು ಬಗ್ಗಿ ಕೂಗಿದೆ. ಹೆಂಗಸರು ಹಬ್ಬದ ಹುರುಪಿನಲ್ಲಿ ಗುದ್ದಿದರು. ಗದ್ದಲಕ್ಕೆ ಪಡಸಾಲೆಯ ಜಂತಿಯಲ್ಲಿದ್ದ ಗುಬ್ಬಿಗಳು ಹಾರಿಹೋದವು. ಮಗು ನಿದ್ದೆಯಿಂದ ಏಳಲಿಲ್ಲ. ಮತ್ತೊಮ್ಮೆ ಕೂಗಿಸಿದರು, ಜಾಗಟೆಯನ್ನೂ ಬಡಿದರು. ರೆಪ್ಪೆ ಸಹ ಅಲುಗಲಿಲ್ಲ.

"ನೋಡಿದ್ರಾ? ತಪಸ್ಸಿಗೆ ಕುಂತಂಗೆ ಐತೆ ಕೂಸು!" ಎಂದರು ಅಪ್ಪ. ಲಿಂಗ ಕಟ್ಟಲು ಬಂದಿದ್ದ ಅಯ್ಯನೋರು "ಹೌದ್ರಿ, ಗುರುವಿನ ಗುರುತು ಸುಮ್ನೆ ಬರಲ್ಲ" ಎಂದು ಸೇರಿಸಿದರು. ಎಲ್ಲರೂ ಕೈ ಮುಗಿದರು. ಇಷ್ಟು ಸದ್ದಿಗೆ ಏಳದ ಕೂಸನ್ನು ಬೇರೆ ಯಾವ ಮನೆಯಲ್ಲಾದರೂ ಗಾಬರಿಯಿಂದ ಎತ್ತಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ನಮಸ್ಕಾರ ಮಾಡಿದರು.

ಅಕ್ಕ ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಹಿಟ್ಟಿನ ಕೈಯಲ್ಲೇ ಬಂದು ತೊಟ್ಟಿಲ ಪಕ್ಕದ ಹಲಗೆಯನ್ನು ಅಂಗೈಯಿಂದ ಒಮ್ಮೆ ತಟ್ಟಿದಳು. ಮಗು ಬೆಚ್ಚಿ ಎರಡೂ ಕೈ ಮೇಲೆತ್ತಿ ಕಣ್ಣು ಬಿಟ್ಟಿತು. ಅಕ್ಕ ನನ್ನನ್ನು ನೋಡಿದಳು. ಮಗುವನ್ನು ತೋರಿಸಿ, ತನ್ನ ಕಿವಿ ಮುಟ್ಟಿ, ಕೈಯನ್ನು ಬೋರಲು ಹಾಕಿದಳು. ಕೊಡದಲ್ಲಿ ನೀರಿಲ್ಲ ಎಂದು ಹೇಳಲು ಅವಳು ಮಾಡುತ್ತಿದ್ದ ಸನ್ನೆ ಅದು.

ನಾನು ಅವ್ವನ ಕಿವಿಯಲ್ಲಿ ಹೇಳಿದೆ. "ಸುಮ್ಕಿರು. ಬೀಗರ ಮನಿ," ಅಂದಳು. ಬಾಣಂತಿ ಕೋಣೆಯಿಂದ ಎಲ್ಲ ನೋಡುತ್ತಿದ್ದ ಅತ್ತಿಗೆ ಸಂಜೆ ನನ್ನನ್ನು ಕರೆದು, "ಅಕ್ಕಾರು ಏನಂದ್ರು?" ಎಂದು ಕೇಳಿದಳು. ಹೇಳಿದೆ. ಅವಳು ಅಳಲಿಲ್ಲ. ಮಗುವಿನ ತಲೆಯ ಹಿಂದೆ ತನ್ನ ಬಳೆಗಳನ್ನು ಅಲ್ಲಾಡಿಸಿ ನೋಡಿದಳು, ಮತ್ತೆ ಅಲ್ಲಾಡಿಸಿದಳು. ನಂತರ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡಳು.

ಮಗು ದಾವಣಗೆರೆಗೆ ಬಂದ ಮೇಲೆ ಅಪ್ಪನ ಪ್ರದರ್ಶನ ಶುರುವಾಯಿತು. ಓದು ಮುಗಿಸಿ ನಾನೂ ಮನೆಗೆ ಮರಳಿದ್ದೆ. ಮಧ್ಯಾಹ್ನ ಬಟ್ಟೆ ಮಿಲ್ಲಿನ ಸೈರನ್ ಕೂಗುತ್ತಿತ್ತು. ಬೀದಿಯಲ್ಲಿ ಚೆಲ್ಲಿದ ಕಾಳಿಗೆ ಬಂದ ಪಾರಿವಾಳಗಳು ಮಂಡಿಪೇಟೆಯ ಸೂರುಗಳ ಮೇಲೆ ನೂರಾರು. ಸೈರನ್ ಕೂಗಿದೊಡನೆ ಅವೆಲ್ಲ ಒಟ್ಟಿಗೆ ಎದ್ದು ಹಾರುತ್ತಿದ್ದವು, ಆಕಾಶ ಕಪ್ಪಾಗುತ್ತಿತ್ತು. ಆರೇಳು ತಿಂಗಳ ಕೂಸು ಆಗ ಕತ್ತೆತ್ತಿ ನೋಡಿ ಕೇಕೆ ಹಾಕುತ್ತಿತ್ತು. ಅಪ್ಪ ಗಿರಾಕಿಗಳನ್ನು ಮಹಡಿಗೆ ಕರೆದುಕೊಂಡು ಬಂದು, ಮಂಡಕ್ಕಿ ಮೆಣಸಿನಕಾಯಿ ಕೊಟ್ಟು, ಸೈರನ್ನಿಗೆ ಕಾಯಿಸುತ್ತಿದ್ದರು. ಕೂಗಿದ ಕೂಡಲೇ, "ನೋಡ್ರಿ! ಹೆಂಗೆ ತಿರುಗಿದ! ಕಿವಿ ಕೇಳಲ್ವಂತೆ, ಯಾವನೋ ಅಂದ!"

ನಮ್ಮಲ್ಲಿ ಯಾರಿಗೂ ಪಾರಿವಾಳ ಕಾಣಿಸುತ್ತಿರಲಿಲ್ಲವೆ? ಅಣ್ಣ ನಿಂತಿರುತ್ತಿದ್ದ, ಅವ್ವ ನಿಂತಿರುತ್ತಿದ್ದಳು, ಊರಿನ ಬುದ್ಧಿವಂತ ವ್ಯಾಪಾರಿಗಳೆಲ್ಲ ನಿಂತಿರುತ್ತಿದ್ದರು. ಒಂದು ಹಿಡಿ ಜೋಳ ಕೈಗೆತ್ತಿಕೊಂಡು ಅದರ ಊರು ಹೇಳುವ ಜನ! ಅವರೆಲ್ಲ ಹೌದು ಹೌದು ಎಂದು ಮಂಡಕ್ಕಿ ಮುಕ್ಕಿ ಇಳಿದು ಹೋಗುತ್ತಿದ್ದರು.

ಒಂದು ದಿನ ಅತ್ತಿಗೆ ಗಿರಾಕಿಗಳ ಎದುರೇ ಮಗುವನ್ನು ಎದೆಗೆ ಒರಗಿಸಿ, ಸೆರಗಿನಿಂದ ಅದರ ಮುಖ ಮುಚ್ಚಿ ನಿಂತಳು. ಸೈರನ್ ಕೂಗಿತು. ಪಾರಿವಾಳಗಳು ಎದ್ದವು. ನಾವೆಲ್ಲ ಮೇಲೆ ನೋಡಿದೆವು. ಮಗು ಅವಳ ತಾಳಿಯನ್ನು ಚೀಪುತ್ತಾ ಇತ್ತು.

"ಬಿಸಿಲಿಗೆ ನಿದ್ದಿ ಹತ್ತೈತೆ ಅದಕ್ಕೆ," ಎಂದರು ಅಪ್ಪ.

"ನಿದ್ದಿ ಇಲ್ರಿ ಮಾವಾರ. ಕಣ್ಣು ಬಿಟ್ಟಾನ," ಎಂದಳು ಅತ್ತಿಗೆ, ಸೆರಗು ಸರಿಸಿ.

ಗಿರಾಕಿಗಳು ಹೋದ ಮೇಲೆ ಅಪ್ಪ ಕೂಗಾಡಿದರು. ಆಗ ಹೊರಬಂದದ್ದು ಹಳೆಯ ಮಾತೇ, ಊರಿನ ಹೆಸರು ಮಾತ್ರ ಬೇರೆ. ನಮ್ಮ ವಂಶದಲ್ಲಿ ಇಂಥದ್ದಿರಲಿಲ್ಲ, ಏನಾದರೂ ಇದ್ದರೆ ಅದು ಹರಿಹರದ ಹೊಳೆ ನೀರಿನಿಂದ ಬಂದದ್ದು. ಮೊದಲು ಕೊಕ್ಕನೂರಿನ ಬಾವಿ, ಈಗ ಹರಿಹರದ ಹೊಳೆ. ನಮ್ಮ ಮನೆಯ ಗಂಡಸರು ಏನು ಕುಡಿದು ಬೆಳೆದರೋ, ಅದರ ಬಗ್ಗೆ ಯಾರೂ ವಿಚಾರಿಸಲಿಲ್ಲ.

ಅತ್ತಿಗೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೇಳಿದಳು: "ಕೂದ್ಲು ನಿಮ್ದು, ಕಿವಿ ಮಾತ್ರ ನಮ್ದೇನ್ರಿ ಮಾವಾರ?"

ಆ ಮನೆಯಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ವಾಕ್ಯ ಅದು. ಪದವಿ ಪಡೆದ ನಾನು ಬಟಾಣಿಯಿಂದ ಹೇಳಲಾರದೆ ಹೋದದ್ದು. ಅಪ್ಪ ಮಂಡಿಗೆ ಇಳಿದರು. ಅಣ್ಣ ತನ್ನ ಕೂಡುಹುಬ್ಬನ್ನು ಇನ್ನಷ್ಟು ಕೂಡಿಸಿ, "ಹಿರಿಯರ ಮುಂದೆ ಹಿಂಗೆ ಮಾತಾಡಬ್ಯಾಡ" ಅಂದ.

ಹುಡುಗ ಬೆಳೆದ. ಒಬ್ಬ ಡಾಕ್ಟರು ಪರೀಕ್ಷಿಸಿ ಸಂಪೂರ್ಣ ಕಿವುಡು ಅಂದರು. ಅಪ್ಪ ಡಾಕ್ಟರನ್ನು ಬದಲಾಯಿಸಿದರು. ಅಷ್ಟರಲ್ಲಿ ನಾನು ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ್ದೆ. ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆಯೊಂದನ್ನು ನೋಡಿದ್ದೆ, ಹಾಸ್ಟೆಲಿನ ಗೆಳತಿಯೊಬ್ಬಳು ಅಲ್ಲಿ ಪಾಠ ಮಾಡುತ್ತಿದ್ದಳು. ಮಗು ಟೀಚರ ಗಂಟಲಿನ ಮೇಲೆ ಕೈಯಿಟ್ಟು ಅಲ್ಲಿ ಏನು ನಡುಗುತ್ತದೆ ಎಂದು ತಿಳಿಯುತ್ತದೆ, ಆಮೇಲೆ ತನ್ನ ಗಂಟಲಿನಲ್ಲಿ ಅದನ್ನೇ ನಡುಗಿಸುತ್ತದೆ. ಚಿಕ್ಕವರಿದ್ದಾಗಲೇ ಬಂದರೆ ಮಾತು ಬರುತ್ತದೆ, ತಡವಾದಷ್ಟೂ ಕಷ್ಟ ಎಂದು ಗೆಳತಿ ಹೇಳಿದ್ದಳು. ಅತ್ತಿಗೆಗೆ ಹೇಳಿದೆ. ಅಂದಿನಿಂದ ಅವಳಿಗೆ ಬೇರೆ ಯೋಚನೆಯೇ ಇಲ್ಲ. ಅಕ್ಕ ಕಣ್ಣೆದುರಿಗೇ ಇದ್ದಳಲ್ಲ: ದಿನವಿಡೀ ಹಿಂದಿನ ಕೋಣೆಯಲ್ಲಿ ಶೇಂಗಾ ಆರಿಸುತ್ತಾ, ನೆಲ ತುಳಿದಾಗ ತಿರುಗಿ ನೋಡುತ್ತಾ. ಮಗ ಹಾಗಾಗಬಾರದು ಎನ್ನುವುದಷ್ಟೇ ಅವಳ ಹಟ.

ಅಪ್ಪ ಒಪ್ಪಲಿಲ್ಲ. "ಗುರುವಿನ ಗುರುತು ಇರೋ ಹುಡುಗನ್ನ ಮೂಗರ ಸಾಲಿಗೆ ಹಾಕೀರಾ? ಮಂಡಿಪೇಟೆ ಏನಂತೈತೆ?" ಮಂಡಿಪೇಟೆ ಏನೂ ಅನ್ನುತ್ತಿರಲಿಲ್ಲ, ಮಂಡಕ್ಕಿ ತಿನ್ನುತ್ತಿತ್ತು. ಹುಡುಗ ಕಿವುಡನೆಂದು ಒಪ್ಪಿದರೆ ಆ ಬಿಳಿ ಜುಟ್ಟು ಕಿವುಡನ ತಲೆಯ ಮೇಲಿನ ಜುಟ್ಟಾಗುತ್ತದೆ, ಆಗ ಅಪ್ಪನ ತಲೆಯ ಮೇಲಿರುವುದು ಏನು? ಭಯ ಅದು. ಒಂದು ಹಿಡಿ ಕೂದಲಿಗಾಗಿ ಅವರು ಮೊಮ್ಮಗನ ಮಾತನ್ನು ತಡೆದು ಹಿಡಿದಿದ್ದರು.

ಅವನಿಗೆ ಐದು ತುಂಬಿದ ವರ್ಷ ಅತ್ತಿಗೆ ಪಂಚಮಿ ಹಬ್ಬಕ್ಕೆಂದು ಮಗನನ್ನು ಕರೆದುಕೊಂಡು ಹರಿಹರಕ್ಕೆ ಹೋದಳು. ಪಂಚಮಿಗೆ ತವರಿಗೆ ಹೋಗುವ ಹೆಣ್ಣನ್ನು ಯಾವ ಮಾವನೂ ತಡೆಯುವಂತಿಲ್ಲ. ಹಬ್ಬ ಮುಗಿದ ಮರುದಿನ ಅವಳು ಹರಿಹರದಲ್ಲಿ ಬೆಂಗಳೂರಿನ ರೈಲು ಹತ್ತುವುದು, ನಾನು ಮತ್ತು ಅಣ್ಣ ದಾವಣಗೆರೆಯಲ್ಲಿ ಅದೇ ರೈಲಿಗೆ ಸೇರಿಕೊಳ್ಳುವುದು, ಅಲ್ಲಿಂದ ಮೈಸೂರು. ಅಣ್ಣ ಒಪ್ಪಿದ್ದ. ಅವನು ಒಪ್ಪಿದನೋ, ಇಲ್ಲ ಎನ್ನುವ ಧೈರ್ಯವಿಲ್ಲದೆ ಸುಮ್ಮನಿದ್ದನೋ, ಈಗ ಯೋಚಿಸಿದರೆ ವ್ಯತ್ಯಾಸ ತಿಳಿಯುವುದಿಲ್ಲ.

ರೈಲು ಬಂತು. ಕಿಟಕಿಯಲ್ಲಿ ಅತ್ತಿಗೆಯ ಮುಖ, ಅವಳ ಮಡಿಲಲ್ಲಿ ಹುಡುಗ. ನಾನು ಹತ್ತಿದೆ. ಅಣ್ಣ ಹುಡುಗನ ಬಟ್ಟೆಯ ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟ, ಬಿಸ್ಕತ್ತಿನ ಪೊಟ್ಟಣ ಕೊಟ್ಟ. ಆಮೇಲೆ ಪ್ಲಾಟ್‌ಫಾರ್ಮಿನ ಮೇಲೇ ನಿಂತ.

"ಹತ್ರಿ, ಗಾಡಿ ಬಿಡುತ್ತೆ," ಎಂದಳು ಅತ್ತಿಗೆ.

"ಮಂಡಿಯಾಗ ಲಾರಿ ಬರೋದೈತೆ. ನೀವು ಹೋಗಿರ್ರಿ, ನಾ ಹಿಂದಿಂದ ಬರ್ತೀನಿ."

ಅತ್ತಿಗೆ ಅವನನ್ನು ನೋಡಿದಳು. "ಲಾರಿಗೇನ್ರಿ, ಅದಕ್ಕೆ ಕಿವಿ ಐತೆ, ಕರೆದ್ರೆ ನಿಂತ್ಕೊಳ್ಳುತ್ತೆ," ಅಂದಳು. ರೈಲು ಹೊರಟಿತು. ಹುಡುಗ ಕೈ ಬೀಸಿದ. ಅಣ್ಣ ಆಗಲೇ ತಿರುಗಿ ನಡೆಯುತ್ತಿದ್ದ ಎಂದು ನನಗೆ ನೆನಪು. ಅಷ್ಟು ಕೆಟ್ಟದಾಗಿ ನಡೆದುಕೊಂಡಿರಲಿಕ್ಕಿಲ್ಲ, ಬಹುಶಃ ಅವನೂ ಕೈ ಬೀಸಿರಬಹುದು. ನನ್ನ ತಿರಸ್ಕಾರಕ್ಕೆ ಅನುಕೂಲವಾಗುವಂತೆ ನೆನಪು ಅವನನ್ನು ತಿರುಗಿಸಿ ನಿಲ್ಲಿಸಿದೆಯೋ ಏನೋ.

ಹುಡುಗನನ್ನು ಶಾಲೆಗೂ ಅದರ ಹಾಸ್ಟೆಲಿಗೂ ಸೇರಿಸಿದ್ದಾಯಿತು. ಮೈಸೂರಿನಲ್ಲಿ ಗೆಳತಿಯ ಪರಿಚಯದ ವೈದ್ಯರೊಬ್ಬರು ಅವನ ಜುಟ್ಟು ನೋಡಿ, ನನ್ನ ಕಣ್ಣು ನೋಡಿ, ಒಳಗೆ ಹೋಗಿ ಒಂದು ದಪ್ಪ ಪುಸ್ತಕ ತಂದರು. ಅದರಲ್ಲಿ ಪರದೇಶದ ಯಾವುದೋ ಕುಟುಂಬದ ಫೋಟೊ ಇತ್ತು. ಕೋಟು ಹಾಕಿದ ಅಜ್ಜನಿಗೆ ಅಪ್ಪನ ಜುಟ್ಟು, ಫ್ರಾಕು ತೊಟ್ಟ ಹುಡುಗಿಗೆ ಅಕ್ಕನ ಕಣ್ಣು. ಇದು ವಂಶದಲ್ಲಿ ಇಳಿದು ಬರುವ ಅಪರೂಪದ ದೋಷ, ಅದಕ್ಕೊಂದು ಹೆಸರೂ ಇದೆ ಎಂದರು. ಒಂದೇ ಮನೆಯಲ್ಲಿ ಒಬ್ಬರಿಗೆ ಕೂದಲು, ಒಬ್ಬರಿಗೆ ಕಣ್ಣು, ಒಬ್ಬರಿಗೆ ಕಿವಿ, ಇನ್ನೊಬ್ಬರಿಗೆ ಬರೀ ಕೂಡುಹುಬ್ಬು. ಯಾರಿಗೆ ಎಷ್ಟು ಎಂದು ಮೊದಲೇ ಹೇಳಲಾಗದು. ಏನೂ ಕಾಣದವನ ಮಗನಲ್ಲೂ ಪೂರ್ತಿಯಾಗಿ ಮೂಡಬಹುದು. ನನಗೆ ಆಗ ದುಃಖವಾಗಬೇಕಿತ್ತು. ಆದದ್ದು ಸಂತೋಷ. ನನ್ನ ಮಾತು ಸರಿಯಾಗಿತ್ತು ಎನ್ನುವ ಸಣ್ಣ, ಕೆಟ್ಟ ಸಂತೋಷ. ಈ ಗುಣ ಎಲ್ಲಿಂದ ಬಂತು ಎನ್ನುವುದಕ್ಕೆ ಪುಸ್ತಕ ಬೇಕಿರಲಿಲ್ಲ.

ಇತ್ತ ಅಪ್ಪ ಸೋಲೊಪ್ಪುವವರಲ್ಲ. ಮೊಮ್ಮಗನನ್ನು ಮಠಕ್ಕೆ ಬಿಟ್ಟಿದ್ದೇವೆ, ದೊಡ್ಡವರ ಹತ್ತಿರ ವಿದ್ಯೆ ಕಲಿಯುತ್ತಿದ್ದಾನೆ ಎಂದು ಮಂಡಿಪೇಟೆಗೆಲ್ಲ ಹೇಳಿದರು. ಮೊದಲ ರಜೆಗೆ ಹುಡುಗ ಬಂದಾಗ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಮಾಡಿದಂತೆ ಅವನ ತಲೆಯನ್ನೂ ಸಣ್ಣಗೆ ಕತ್ತರಿಸಿದ್ದರು. ಬಾಗಿಲಲ್ಲಿ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಕೂದ್ಲು ಎಲ್ಲಿ?" ಅವನು ಏನು ಕಲಿತ ಎಂದು ಕೇಳಲಿಲ್ಲ. ಮಠದ ಹುಡುಗನನ್ನು ನೋಡಲು ಬಂದವರು ಅವನನ್ನು ಮಾತಾಡಿಸಿದರು, ಅವನು ಸುಮ್ಮನೆ ನೋಡಿದ. "ಮೌನವ್ರತ ಐತ್ರಿ ಅವನಿಗೆ," ಎಂದರು ಅಪ್ಪ. ಐದು ದಾಟಿದ ಹುಡುಗನಿಗೆ ಮೌನವ್ರತ! ಬಂದವರು 'ಆಹಾ' ಅಂದರು. ಒಬ್ಬ ಮುದುಕಿ ಅವನ ಕಾಲಿಗೆ ಬಿದ್ದಳು. ಹುಡುಗ ಹೆದರಿ ಅಕ್ಕನ ಹಿಂದೆ ಅವಿತುಕೊಂಡ. ಅಕ್ಕ ಅವನ ಬೆನ್ನು ಸವರುತ್ತಾ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ನಾವು ಏನು ಮಾಡುತ್ತಿದ್ದೇವೆ ಎಂದು ಅವಳಿಗೆ ಯಾರೂ ಸನ್ನೆಯಲ್ಲಿ ತಿಳಿಸಲಿಲ್ಲ. ತಿಳಿಸಲು ಅಂಥ ಸನ್ನೆ ಇರಲಿಲ್ಲ.

ಎರಡನೆಯದೋ ಮೂರನೆಯದೋ ಬೇಸಿಗೆ ರಜೆ. ಕೂದಲು ಮತ್ತೆ ಬೆಳೆದಿತ್ತು. ಹಿಂದಿನ ಕೋಣೆಯಲ್ಲಿ ಅವ್ವ ಅಕ್ಕಿ ಆರಿಸುತ್ತಿದ್ದಳು, ಅಕ್ಕ ಶೇಂಗಾ. ಅತ್ತಿಗೆಯೂ ನಾನೂ ಅಲ್ಲಿದ್ದೆವು. ಹುಡುಗ ಬಂದು ಅಕ್ಕನ ಮುಂದೆ ಕೂತು, ಅವಳ ಕೈ ಹಿಡಿದು ತನ್ನ ಗಂಟಲಿನ ಮೇಲೆ ಇಟ್ಟುಕೊಂಡ. ಎದೆ ಮುಟ್ಟಿಕೊಂಡು ತನ್ನ ಹೆಸರು ಹೇಳಿದ. ಒರಟು ದನಿ, ಒಂದು ಅಕ್ಷರ ನುಂಗಿಹೋಗಿತ್ತು. ಆದರೂ ಅದು ಹೆಸರೇ. ತೊಟ್ಟಿಲಿಗೆ ಬಗ್ಗಿ ನಾನು ಕೂಗಿದ, ಅವನು ಕೇಳದ ಹೆಸರು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಕ್ಕ ಮತ್ತೆ ಹೇಳಿಸಿದಳು. ಅವಳ ಬೆರಳುಗಳು ಅವನ ಗಂಟಲಿನ ಮೇಲೆ ಅಲುಗದೆ ಇದ್ದವು. ಆಮೇಲೆ ಅವಳು ಹುಡುಗನ ಕೈ ಹಿಡಿದು ತನ್ನ ಗಂಟಲಿನ ಮೇಲೆ ಇಟ್ಟುಕೊಂಡಳು. ಎದೆ ಮುಟ್ಟಿಕೊಂಡಳು. ಆ ನೀಲಿ ಕಣ್ಣುಗಳನ್ನು ಅರಳಿಸಿ ನಮ್ಮ ಕಡೆ ತಿರುಗಿ ಕಾದಳು, ಮೊದಲು ಅವ್ವನ ಕಡೆ, ಆಮೇಲೆ ನನ್ನ ಕಡೆ. ಹೇಳಬೇಕಾದದ್ದನ್ನು ಯಾರಾದರೂ ಹೇಳಿಕೊಡಲಿ ಎಂದು. ನಾನು ಅವಳ ಹೆಸರನ್ನು ತುಟಿ ಬಿಡಿಸಿ ಬಿಡಿಸಿ ಹೇಳಿದೆ. ಅವಳು ನನ್ನ ತುಟಿಯನ್ನು ಮೊದಲ ಬಾರಿಗೆ ನೋಡುವವಳಂತೆ ನೋಡಿದಳು. ಅವಳಿಗೆ ಆ ಆಕಾರ ಪರಿಚಯವಿರಲಿಲ್ಲ. 'ಮೂಗಿ' ಎನ್ನುವಾಗ ತುಟಿ ಹೇಗೆ ಕೂಡುತ್ತದೆ ಎಂಬುದು ಖಂಡಿತ ಗೊತ್ತಿತ್ತು.

ಕೆಳಗಿನಿಂದ ಅಪ್ಪನ ದನಿ ಬಂತು, ಯಾರಿಗೋ ಗುರುವಿನ ಬೆರಳಿನ ಕಥೆ ಹೇಳುತ್ತಿದ್ದರು. ಅವ್ವ ಮೊರದಿಂದ ತಲೆ ಎತ್ತಿರಲಿಲ್ಲ. ನಾನು ಅವಳ ಎದುರಿಗೆ ಹೋಗಿ ಕೂತೆ, ಅವಳ ಮಾತು ಬಲಗಿವಿಗೆ ಬೀಳುವ ಹಾಗೆ. ಕೇಳಿದೆ. ಅವಳು ಒಂದು ಕಲ್ಲನ್ನು ಆರಿಸಿ ಎಸೆದಳು, ಇನ್ನೊಂದನ್ನು ಹುಡುಕತೊಡಗಿದಳು. ಆಮೇಲಿನ ವರ್ಷಗಳಲ್ಲಿ ಮತ್ತೆ ಕೇಳಿದ್ದೇನೆ, ಅವಳಿಗೆ ವಯಸ್ಸಾದ ಮೇಲೂ ಕೇಳಿದ್ದೇನೆ. ಉತ್ತರ ಬಂದಿಲ್ಲ. ಬಂದು, ನನ್ನ ಕೇಳದ ಕಿವಿಯ ಕಡೆಯಿಂದ ಹೋಗಿರಲಾರದು, ಅಷ್ಟು ಎಚ್ಚರದಿಂದ ಕೂತಿದ್ದೆ. ಪ್ರಶ್ನೆ ಇಷ್ಟೇ ಇತ್ತು:

"ಅವ್ವಾ, ಅಕ್ಕಗೆ ಒಂದು ಹೆಸರು ಐತೆ ಅಂತ ಅವಳಿಗೆ ಯಾರಾದ್ರೂ ತಿಳಿಸೀರಾ?"